ಶುಭ ಶುಕ್ರವಾರದ ಮೂರು ತಾಸು

ಶುಭ ಶುಕ್ರವಾರ ಬರುವುದೇ ವಿಜಯಪುರದ ಬಿಸಿಲು ಏರುವ ಕಾಲಕ್ಕೆ. ಅಂದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಪ್ರಾಟೆಸ್ಟಂಟ್ ಸಭೆಗಳಲ್ಲಿ ಶಿಲುಬೆಯ ಮೇಲಿನ ಏಳು ಮಾತುಗಳ ಆರಾಧನೆ ನಡೆಯುತ್ತದೆ. ಒಂದೊಂದು ಮಾತಿಗೆ ಒಂದೊಂದು ಪ್ರಸಂಗ, ನಡುವೆ ಹಾಡು, ಪ್ರಾರ್ಥನೆ. ಉಪವಾಸವಿದ್ದ ಮುದುಕಿಯರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೊನೆಯ ಮಾತಿನವರೆಗೂ ಕದಲದೆ ಕೂತಿರುತ್ತಾರೆ. ಬಾಸೆಲ್ ಮಿಶನ್ 1880ರ ದಶಕದಲ್ಲಿ ಇಲ್ಲಿ ನೆಲೆಯೂರಿದಂದಿನಿಂದ ಈ ಊರಿನ ಕ್ರೈಸ್ತರು ಬಲಿಯ ಅರ್ಥವನ್ನು ಕಲಿತದ್ದು ಬಹುಮಟ್ಟಿಗೆ ಇಂಥ ಪ್ರಸಂಗಗಳಿಂದಲೇ.

ಈ ಆರಾಧನೆಯ ರೂಪವನ್ನು ನಾನು ಬಹಳ ಮೆಚ್ಚುತ್ತೇನೆ. 1687ರ ಭೂಕಂಪ ಪೆರು ದೇಶದ ಲಿಮಾ ನಗರವನ್ನು ಕೆಡವಿದ ಮೇಲೆ ಅಲ್ಲಿನ ಜೆಸ್ವಿಟ್ ಪಾದ್ರಿ ಅಲೊನ್ಸೊ ಮೆಸ್ಸಿಯಾ ಇದಕ್ಕೆ ಆಕಾರ ಕೊಟ್ಟರು. ಮನೆಮಾರು ಕಳೆದುಕೊಂಡವರ ನಡುವೆ ಹುಟ್ಟಿದ ಆರಾಧನೆ ಇದು. ಸಾಯುತ್ತಿರುವವನ ಹತ್ತಿರ ಮೂರು ತಾಸು ಕೂತಿರು ಎನ್ನುತ್ತದೆ, ಈಸ್ಟರಿಗೆ ಅವಸರಪಡಲು ಬಿಡುವುದಿಲ್ಲ. ನನ್ನ ತಕರಾರು ಇರುವುದು ಆ ಹೊತ್ತನ್ನು ನಮ್ಮ ಪ್ರಸಂಗಗಳು ಯಾವುದಕ್ಕೆ ವೆಚ್ಚ ಮಾಡುತ್ತವೆ ಎಂಬುದರ ಬಗ್ಗೆ.

ಐದನೆಯ ಮಾತು ನೀರಡಿಕೆಯದು. ಯೋಹಾನನ ಸುವಾರ್ತೆಯಲ್ಲಿ ಮಾತ್ರ ಬರುತ್ತದೆ. ನಾನು ಕೇಳಿದ ಪ್ರಸಂಗಗಳಲ್ಲಿ ಹೆಚ್ಚಿನವು ಎರಡು ನಿಮಿಷ ಕಳೆಯುವುದರೊಳಗೆ ಅದನ್ನು ಆತ್ಮಗಳ ರಕ್ಷಣೆಗಾಗಿ ಪಟ್ಟ ದಾಹವೆಂದು ತಿರುಗಿಸಿಬಿಟ್ಟವು. ಒಣಗಿದ ನಾಲಿಗೆಯಾಗಲಿ, ಕಡ್ಡಿಗೆ ಸಿಕ್ಕಿಸಿ ಚಾಚಿದ ಹುಳಿರಸದ ಸ್ಪಂಜಾಗಲಿ ಮತ್ತೆ ನೆನಪಿಗೆ ಬರಲಿಲ್ಲ. ಬೇರೆಲ್ಲಿ ಹೀಗಾದರೂ ಈ ಸೀಮೆಯಲ್ಲಿ ಆಗಬಾರದು. ಏತ ನೀರಾವರಿಯ ನೀರು ಕೆರೆಗಳಿಗೆ ಬರುವ ಮೊದಲು ತಿಕೋಟಾ, ಬಬಲೇಶ್ವರದ ಬೇಸಿಗೆ ಎಂದರೆ ಬತ್ತಿದ ಬೋರು, ಟ್ಯಾಂಕರಿನ ಮುಂದೆ ಕೊಡಗಳ ಸಾಲು. ದ್ರಾಕ್ಷಿ ಪಡ ಉಳಿಸಿಕೊಳ್ಳಲು ರೈತರು ದುಡ್ಡು ಕೊಟ್ಟು ಟ್ಯಾಂಕರ್ ನೀರು ಹಾಯಿಸಿದ್ದುಂಟು. ಈ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳು, ಮುಸ್ಲಿಮರು ಕೂಡಿ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಯೂಫ್ರಟಿಸ್ ಹೊಳೆ ಹತ್ತಿರವಿದ್ದೂ ನೀರು ಸಿಗದೆ ಕರ್ಬಲಾದಲ್ಲಿ ಮಡಿದ ಹುಸೇನರ ಕಥೆ ಅದು. ಮಕ್ಕಳ ಗಂಟಲು ಒಣಗಿದ್ದು, ನೀರು ತರಲು ಹೋದ ಅಬ್ಬಾಸರ ಕೈ ಕಡಿದದ್ದು, ಎಲ್ಲವನ್ನೂ ನಿಂತು ಹೇಳುವ ಸಂಪ್ರದಾಯ. ಅಲ್ಲಿ ನೀರಡಿಕೆ ನೀರಡಿಕೆಯಾಗಿಯೇ ಇರುತ್ತದೆ. ಅರ್ಥ ಹೇಳುವ ತುರ್ತು ಯಾರಿಗೂ ಇಲ್ಲ. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವೊಂದಕ್ಕೇ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಮೀಸಲಿಟ್ಟರು. ನಮ್ಮ ಪೀಠಕ್ಕೆ ಮಾತ್ರ ಆ ಮೈಯ ನೋವಿನ ಹತ್ತಿರ ನಿಲ್ಲುವ ವ್ಯವಧಾನವಿಲ್ಲ. ಕ್ರಿಸ್ತ ನೋವುಂಡಂತೆ ತೋರಿದನಷ್ಟೇ ಎಂಬ ವಾದವನ್ನು ಆದಿಸಭೆ ಎರಡನೆಯ ಶತಮಾನದಲ್ಲೇ ತಳ್ಳಿಹಾಕಿತ್ತು ಎಂಬುದನ್ನು ಮರೆಯಬಾರದು.

ಪ್ರಸಂಗ ಉದ್ದವಾಗುವುದು ಎಲ್ಲ ಪೂರ್ತಿಯಾಯಿತೆಂಬ ಆರನೆಯ ಮಾತಿಗೆ ಬಂದಾಗ. ಅಲ್ಲಿ ಸಾಲದ ಲೆಕ್ಕ ಶುರುವಾಗುತ್ತದೆ: ಮನುಷ್ಯರ ಪಾಪದ ಸಾಲ ತೀರಲಾರದಷ್ಟು ಬೆಳೆದಿತ್ತು, ಮಗನ ರಕ್ತದಿಂದ ಚುಕ್ತಾ ಆಯಿತು. ಇದರ ಬೇರು ಕಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿದೆ. ಆನ್ಸೆಲ್ಮನಿಗೆ ದೇವರ ನ್ಯಾಯ, ಕರುಣೆ ಎರಡೂ ಮುಕ್ಕಾಗಬಾರದೆಂಬ ಕಾಳಜಿ ಇತ್ತು. ನಮ್ಮ ಪ್ರಸಂಗಗಳಿಗೆ ಇಳಿಯುವಾಗ ಕರುಣೆ ಸೋರಿಹೋಗಿ ವಸೂಲಿ ಮಾತ್ರ ಉಳಿದಿದೆ. ಖಾಸಗಿ ಬಡ್ಡಿಯಲ್ಲಿ ಹೊಲ ಕಳೆದುಕೊಂಡವರು ಮುಂದೆ ಕೂತಿರುವಾಗ ಪರಲೋಕದ ತಂದೆ ಗಾದಿಯ ಮೇಲೆ ಕೂತ ಸಾಹುಕಾರನ ಹಾಗೆ ಕಾಣತೊಡಗುತ್ತಾನೆ. ಪೌಲನ ಪತ್ರಗಳಲ್ಲಿ ನೋವು ಹೊರಲು ಮುಂದಾಗುವವನು ದೇವರೇ. ಕ್ರಿಸ್ತನ ಮೂಲಕ ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಳ್ಳುವವನೂ ಅವನೇ. ಅದನ್ನು ಬಿಟ್ಟರೆ ಶಿಲುಬೆಯಲ್ಲಿ ಉಳಿಯುವುದು ಕ್ರೌರ್ಯವೊಂದೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಮಾತು ಬೇರೆ ಇದೆ. ಕುಡಿದು ಬಡಿಯುವ ಗಂಡನಿಂದ ಬೇಸತ್ತ ಹೆಣ್ಣುಮಗಳೊಬ್ಬಳಿಗೆ, “ಇದು ನಿನ್ನ ಶಿಲುಬೆ ತಂಗಿ, ಹೊತ್ತುಕೊಂಡು ಹೋಗು” ಎಂದು ಸಭೆಯ ಹಿರಿಯರೊಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅದು ಸುವಾರ್ತೆಯಲ್ಲ. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನಾಗಿ ಕೊಡುತ್ತಿದ್ದೇನೆ ಎಂದವನು ಯೇಸು. ಹಾಗೆ ಕೊಡುವ ಮುಂಚೆ ಗೆತ್ಸೆಮನೆಯಲ್ಲಿ ಬೆವರು ಸುರಿಸಿ, ಸಾಧ್ಯವಾದರೆ ಇದು ತಪ್ಪಲಿ ಎಂದು ಬೇಡಿಕೊಂಡವನೂ ಅವನೇ. ತಾನೇ ಆರಿಸಿಕೊಂಡು ಮತ್ತೊಬ್ಬರ ಸಲುವಾಗಿ ಹೊತ್ತ ನೋವಷ್ಟೇ ಬಲಿಯಾದೀತು. ಇನ್ನೊಬ್ಬರ ಹೆಗಲಿಗೇರಿಸಿದ್ದು ಹಿಂಸೆ. ಈ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಕೆಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ ಪದ್ಧತಿಯನ್ನು ಇದು ಕಂಡಿದೆ. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನು ಮಾಡಬೇಕಾಯಿತು. ದೇವರ ಹೆಸರು ಹೇಳಿದ ಮಾತ್ರಕ್ಕೆ ಆ ಹುಡುಗಿಯ ಸಂಕಟಕ್ಕೆ ಪಾವಿತ್ರ್ಯ ಬರಲಿಲ್ಲ. ಬಡಿಸಿಕೊಳ್ಳುವ ಹೆಂಡತಿಯದಕ್ಕೂ ಬರುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರ ಕ್ರಿಸ್ತನ ಬಲಿ ಒಂದೇ ಸಲಕ್ಕೆ ಆಗಿಹೋಯಿತೆಂದು ಪದೇ ಪದೇ ಒತ್ತಿ ಹೇಳುತ್ತದೆ. ಅಂದ ಮೇಲೆ ಮತ್ತೆ ಬಲಿ ಕೇಳುವ ಹಕ್ಕು ಸಭೆಗಾಗಲಿ, ಕುಟುಂಬಕ್ಕಾಗಲಿ ಇಲ್ಲ.

ದೇವರು ತನ್ನನ್ನು ಕೈಬಿಟ್ಟದ್ದೇಕೆಂದು ಕೂಗಿ ಕೇಳುವ ನಾಲ್ಕನೆಯ ಮಾತಿನ ಮುಂದೆ ಪ್ರಸಂಗಿಗಳು ತಡವರಿಸುವುದು ಸಹಜ. ಜರ್ಮನಿಯ ಯುರ್ಗೆನ್ ಮೋಲ್ಟ್‌ಮನ್ 1972ರಲ್ಲಿ ಆ ಕೂಗನ್ನೇ ನಡುವಿಟ್ಟು ಶಿಲುಬೆಗೇರಿದ ದೇವರ ಬಗ್ಗೆ ದೊಡ್ಡ ಗ್ರಂಥ ಬರೆದರು. ದೇವರೊಡನೆ ಜಗಳವಾಡಿದ ಬಸವಣ್ಣನ ಸೀಮೆಯವರಿಗೆ ಆ ಪ್ರಶ್ನೆ ಪರಕೀಯವಾಗಬೇಕಿಲ್ಲ. ನೋವುಂಡವನು ದೂರುವುದು ಅವಿಶ್ವಾಸವಲ್ಲ ಎಂದು ಆ ಕೂಗೇ ಹೇಳುತ್ತದೆ. ಶಿಲುಬೆ ಹೊತ್ತುಕೋ ಎನ್ನಿಸಿಕೊಂಡ ಆ ತಂಗಿಗೆ ಬೇಕಾಗಿದ್ದುದೂ ಇದೇ ಮಾತು.

ಏಳು ಮಾತುಗಳನ್ನು ಏಳು ಜನ ಹಂಚಿಕೊಂಡು ಮಾತಾಡುವ ರೂಢಿ ಹಲವು ಸಭೆಗಳಲ್ಲಿ ಈಗ ಇದೆ. ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವ ಮೂರನೆಯದನ್ನು ಸಾಮಾನ್ಯವಾಗಿ ಮಹಿಳೆಯರಿಗೆ ಬಿಡುತ್ತಾರೆ. ಬರುವ ವರ್ಷ ಐದನೆಯದನ್ನೂ ಅವರಿಗೇ ಕೊಡಲಿ, ಗಡಿಯಾರ ನೋಡದೆ ಕೊಡಲಿ.