ಬಿಸಿಲಿನ ಲೆಕ್ಕ ಬರೆದ ವಾಸ್ತುಶಿಲ್ಪಿ

ವಾಸ್ತುಶಿಲ್ಪಿ ಎಂದೊಡನೆ ನಮಗೆ ನೆನಪಾಗುವುದು ಗುಮ್ಮಟ, ಗೋಪುರ, ಅರಮನೆಗಳು. ಕಟ್ಟಡದ ಮುಖ ನೋಡಿ ಕಟ್ಟಿದವರನ್ನು ಹೊಗಳುತ್ತೇವೆ. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಇರುವವರ ಪಾಡೇನು ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಶಾಸ್ತ್ರವಾಗಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ಒಂಬತ್ತು ವರ್ಷ ಮೈಸೂರು ಸಂಸ್ಥಾನದಲ್ಲಿ ದುಡಿದವರು.

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅವರು ಯಹೂದಿ ಮೂಲದವರು. ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಇಲ್ಲಿಗೆ ಬಂದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಹಿಂದೂ ಮಹಾರಾಜರ ರಾಜ್ಯದಲ್ಲಿ, ಮುಸ್ಲಿಂ ದಿವಾನರ ಕಾಲದಲ್ಲಿ, ಯಹೂದಿ ನಿರಾಶ್ರಿತರೊಬ್ಬರು ಸರಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ಮತ ಅಡ್ಡ ಬರಲಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ಕೈಯವು.

1948ರಲ್ಲಿ ಅವರು ಕೇಂದ್ರ ಸರಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಜೋಡಿಸಿ ಅಗ್ಗದ ಮನೆ ಕಟ್ಟುವ ಯೋಜನೆ ಅಲ್ಲಿ ಸೋತಿತು. 1951ರಲ್ಲಿ ಅವರು ಭಾರತ ಬಿಟ್ಟರು. ಈ ಸೋಲನ್ನು ಮರೆಮಾಚಿ ಅವರನ್ನು ಹೊಗಳಬೇಕಾಗಿಲ್ಲ. ನಂತರ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸಿದರು. 1974ರಲ್ಲಿ ಮೂವರು ಸಹಲೇಖಕರೊಡನೆ ಹೊರತಂದ ಕೈಪಿಡಿ ಹಲವು ದೇಶಗಳಲ್ಲಿ ಪಠ್ಯವಾಯಿತು. ಅದರ ತಿರುಳು ಸರಳ: ಮೊದಲು ಊರಿನ ಉಷ್ಣತೆ, ಗಾಳಿ, ಮಳೆಯ ಲೆಕ್ಕ, ಆಮೇಲೆ ನಕ್ಷೆ.

ಪಶ್ಚಿಮ ಬೆಂಗಳೂರಿಗೆ ಈ ಪಾಠ ತೀರಾ ಹತ್ತಿರದ್ದು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬೀಳುವ ಹೊತ್ತಿಗೆ ಅವರು ಇಲ್ಲಿರಲಿಲ್ಲ. ಅದು ಅವರ ನಕ್ಷೆಯೂ ಅಲ್ಲ. ಆದರೆ ಅವರ ಲೆಕ್ಕದಿಂದ ಇಲ್ಲಿನ ಮನೆಗಳನ್ನು ಅಳೆಯಬಹುದು. ಪಡುವಣ ಗೋಡೆಗೆ ಬಿಸಿಲು ಬೀಳುವುದು ಗಾಳಿಯೂ ಕಾದಿರುವ ಮಧ್ಯಾಹ್ನದ ಹೊತ್ತಿನಲ್ಲಿ. ಸೂರ್ಯ ಕೆಳಗಿಳಿದಿರುವುದರಿಂದ ಸಜ್ಜಾ ಅದನ್ನು ತಡೆಯದು. ಆದ್ದರಿಂದ ಉದ್ದದ ಗೋಡೆ, ಕಿಟಕಿಗಳು ಉತ್ತರ–ದಕ್ಷಿಣಕ್ಕಿರಬೇಕು, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು.

ಇಲ್ಲಿಯೇ ಆ ಕೈಪಿಡಿಯ ಮಿತಿಯೂ ಕಾಣುತ್ತದೆ. ಗೋಡೆಗೆ ಗೋಡೆ ತಾಗಿರುವ 20x30 ಸೈಟಿನವನಿಗೆ ದಿಕ್ಕು ಆರಿಸುವ ಸ್ವಾತಂತ್ರ್ಯ ಎಲ್ಲಿದೆ? ಶೀಟಿನ ಮಾಡಿನ ಕೆಳಗೆ ಬಾಡಿಗೆಗಿರುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಯಾವ ಕೈಪಿಡಿ? ರಸ್ತೆಯ ಗೆರೆ ಎಳೆದಾಗಲೇ ಆ ಮನೆಯ ಸೆಕೆ ನಿಶ್ಚಯವಾಗಿರುತ್ತದೆ. ಆದ್ದರಿಂದ ಈ ಶಾಸ್ತ್ರವನ್ನು ಮೊದಲು ಓದಬೇಕಾದವರು ಮನೆ ಕಟ್ಟುವವರಲ್ಲ, ಬಡಾವಣೆ ಮಾಡುವವರು.

1999ರಲ್ಲಿ ತೀರಿಕೊಂಡ ಕೋನಿಗ್ಸ್‌ಬರ್ಗರ್ ಹೆಸರನ್ನು ರಸ್ತೆಗೋ ವೃತ್ತಕ್ಕೋ ಇಡಬೇಕೆಂದು ನಾವು ಕೇಳುವುದಿಲ್ಲ. ಕೆಂಗೇರಿಯಾಚೆ ಏಳುತ್ತಿರುವ ಬಡಾವಣೆಗಳ ನಕ್ಷೆಯ ಮೇಲೆ, ಸೈಟಿನ ಸಂಖ್ಯೆ ಬರೆಯುವ ಮೊದಲು, ಸೂರ್ಯನ ಹಾದಿಯೊಂದನ್ನು ಗುರುತಿಸಿದರೆ ಅವರಿಗೆ ಸಲ್ಲಬೇಕಾದ ಗೌರವ ಸಂದಂತೆ.