ಯೋಬನ ಗ್ರಂಥದ ಬೆಹೇಮೋತ್ ಮತ್ತು ಲಿವ್ಯಾತಾನ್: ಒಂದು ಅರ್ಥವಿಮರ್ಶೆ

ಪ್ರಾಚೀನ ಧರ್ಮಗ್ರಂಥಗಳಲ್ಲಿ ಆಧುನಿಕ ವಿಜ್ಞಾನದ ಶೋಧಗಳನ್ನು ಕಾಣುವ ಪ್ರವೃತ್ತಿ ಯಾವುದೋ ಒಂದು ಮತಕ್ಕೆ ಸೀಮಿತವಾದುದಲ್ಲ. ಹಳೆಯ ಒಡಂಬಡಿಕೆಗೆ ಸೇರಿದ ಯೋಬನ ಗ್ರಂಥದ 40 ಮತ್ತು 41ನೆಯ ಅಧ್ಯಾಯಗಳಲ್ಲಿ ವರ್ಣಿತವಾಗಿರುವ ಬೆಹೇಮೋತ್ ಮತ್ತು ಲಿವ್ಯಾತಾನ್‌ಗಳು ಡೈನೋಸಾರ್ ವರ್ಗದ ಪ್ರಾಣಿಗಳೆಂಬ ವಾದ ಇದಕ್ಕೊಂದು ನಿದರ್ಶನ. ಅಮೆರಿಕದ ಹೆನ್ರಿ ಮಾರಿಸ್ ಮೊದಲಾದ ಸೃಷ್ಟಿವಾದಿಗಳು 20ನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ಪ್ರಚುರಪಡಿಸಿದರು. ಈ ವಾದ ಭೂವಿಜ್ಞಾನಕ್ಕೆ ವಿರುದ್ಧವೆಂದು ಹೇಳಿ ಮುಗಿಸುವುದು ಸುಲಭ. ಅದು ಗ್ರಂಥದ ಅರ್ಥಕ್ಕೂ ವಿರುದ್ಧವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಬೆಹೇಮೋತ್ ಎತ್ತಿನಂತೆ ಹುಲ್ಲು ಮೇಯುತ್ತದೆ. ಅದರ ಎಲುಬುಗಳಿಗೆ ಲೋಹದ ಹೋಲಿಕೆಯಿದೆ. ನದಿಯ ಪ್ರವಾಹಕ್ಕೆ ಅದು ಬೆದರುವುದಿಲ್ಲ. ಅದರ ಬಾಲವನ್ನು ದೇವದಾರು ವೃಕ್ಷಕ್ಕೆ ಹೋಲಿಸಲಾಗಿದೆ. ಆನೆಗಾಗಲಿ ನೀರಾನೆಗಾಗಲಿ ಅಂತಹ ಬಾಲವಿಲ್ಲವಾದುದರಿಂದ ಇದು ನೀಳಬಾಲದ ಡೈನೋಸಾರೇ ಆಗಿರಬೇಕೆಂಬುದು ವಾದದ ತಿರುಳು.

ಈ ಪ್ರಾಣಿ ಕಮಲದಂತಹ ಗಿಡಗಳ ನೆರಳಿನಲ್ಲಿ, ಜೊಂಡಿನ ಮರೆಯಲ್ಲಿ ಮಲಗುತ್ತದೆಂದೂ ಅದೇ ವರ್ಣನೆ ಹೇಳುತ್ತದೆ. ಇಂತಹ ಅಂಶಗಳಿಂದಲೇ ಫ್ರೆಂಚ್ ವಿದ್ವಾಂಸ ಸಾಮ್ಯುಯಲ್ ಬೋಶಾರ್ 1663ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಬೆಹೇಮೋತನ್ನು ನೀರಾನೆಯೆಂದೂ ಲಿವ್ಯಾತಾನನ್ನು ಮೊಸಳೆಯೆಂದೂ ಗುರುತಿಸಿದನು. ಪ್ಯಾಲೆಸ್ಟೈನಿನ ಕರಾವಳಿಯ ಕಬ್ಬಿಣಯುಗದ ನೆಲೆಗಳಲ್ಲಿ ನೀರಾನೆಯ ಎಲುಬುಗಳು ದೊರೆತಿರುವುದರಿಂದ ಆ ಪ್ರಾಣಿ ಹೀಬ್ರೂ ಜನರಿಗೆ ಅಪರಿಚಿತವಾಗಿರಲಿಲ್ಲ. ಇನ್ನು ಬಾಲದ ವಿಚಾರ. ಮೂಲದಲ್ಲಿ ಬಾಲದ ಉದ್ದದ ಮಾತಿಲ್ಲ. ಅಲ್ಲಿಯ ಕ್ರಿಯಾಪದದ ಅರ್ಥವೂ ನಿಶ್ಚಿತವಲ್ಲ. ಅದೇ ಪದ್ಯದ ಉತ್ತರಾರ್ಧದ ಒಂದು ಶಬ್ದವನ್ನು ಜೆರೋಮನು ಲ್ಯಾಟಿನ್ನಿನಲ್ಲಿ ವೃಷಣವೆಂದು ಅನುವಾದಿಸಿರುವನು. ಆದುದರಿಂದ ಇಲ್ಲಿ ಬಾಲವೆಂಬುದು ಪುಂಸ್ತ್ವವನ್ನು ಮರೆಮಾಡಿ ಹೇಳುವ ಮಾತೆಂದು ಭಾವಿಸುವ ವ್ಯಾಖ್ಯಾನಕಾರರೂ ಉಂಟು. ಇಷ್ಟು ಸಂದಿಗ್ಧವಾದ ಒಂದು ಉಪಮೆಯ ಮೇಲೆ ಇಡೀ ಸಿದ್ಧಾಂತವನ್ನು ನಿಲ್ಲಿಸುವುದು ಶಾಸ್ತ್ರಸಮ್ಮತವಲ್ಲ.

ಕಾಲಗಣನೆಯ ತೊಡಕಂತೂ ಪರಿಹಾರವಾಗುವಂತಹದಲ್ಲ. ಪಕ್ಷಿಗಳ ಶಾಖೆಯೊಂದನ್ನು ಬಿಟ್ಟರೆ ಡೈನೋಸಾರುಗಳು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಳಿದವು. ಮಾನವಜಾತಿಯ ವಯಸ್ಸಾದರೋ ಸುಮಾರು 3 ಲಕ್ಷ ವರ್ಷ. ಆದರೆ ಖಂಡನೆಯೂ ಸಾಧುವಾಗಿರಬೇಕು. ಡೈನೋಸಾರುಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂಬ ಆಕ್ಷೇಪ ಈಗ ನಿಲ್ಲದು. ಮಹಾರಾಷ್ಟ್ರದ ಪಿಸದುರಾ ಎಂಬಲ್ಲಿ ದೊರೆತ ಶಿಲೀಭೂತ ಸಗಣಿಯಲ್ಲಿ ಹುಲ್ಲಿನ ಸೂಕ್ಷ್ಮ ಕಣಗಳಿರುವುದನ್ನು 2005ರಲ್ಲಿ ಭಾರತೀಯ ವಿಜ್ಞಾನಿಗಳು ತಮ್ಮ ಸ್ವೀಡನ್ನಿನ ಸಹೋದ್ಯೋಗಿಯೊಡನೆ ಪ್ರಕಟಿಸಿರುವರು. ದುರ್ಬಲವಾದ ಪ್ರತಿವಾದದಿಂದ ಸತ್ಪಕ್ಷಕ್ಕೇ ಹಾನಿ.

ಇಷ್ಟಾದರೂ ನೀರಾನೆ, ಮೊಸಳೆಗಳಿಂದ ವರ್ಣನೆ ಪೂರ್ಣವಾಗಿ ತೀರುವುದಿಲ್ಲ. ಲಿವ್ಯಾತಾನ್ ಬೆಂಕಿಯನ್ನು ಉಗುಳುತ್ತದೆ. ಯಾವ ಮೊಸಳೆಯೂ ಹಾಗೆ ಮಾಡದು, ಯಾವ ಪಳೆಯುಳಿಕೆಯೂ ಅದಕ್ಕೆ ಸಾಕ್ಷಿ ನುಡಿಯದು. ಇಲ್ಲಿ ನೆರವಿಗೆ ಬರುವುದು ಪುರಾತತ್ತ್ವ. ಸಿರಿಯಾದ ರಾಸ್ ಶಮ್ರಾದಲ್ಲಿ 1929ರಲ್ಲಿ ಆರಂಭವಾದ ಉತ್ಖನನದಿಂದ ಉಗಾರಿತ್ ಎಂಬ ಪ್ರಾಚೀನ ನಗರದ ಮಣ್ಣಿನ ಫಲಕಗಳು ದೊರೆತವು. ಅವುಗಳಲ್ಲಿ ಏಳು ತಲೆಯ ಲೋತಾನ್ ಎಂಬ ಸರ್ಪದ ಸಂಹಾರದ ಮಾತು ಬರುತ್ತದೆ. ಹೆಸರು ಲಿವ್ಯಾತಾನಿನದೇ, ಯೆಶಾಯನ ಗ್ರಂಥದ 27ನೆಯ ಅಧ್ಯಾಯದಲ್ಲಿ ಲಿವ್ಯಾತಾನಿಗಿರುವ ವಿಶೇಷಣಗಳೂ ಲೋತಾನಿನ ವಿಶೇಷಣಗಳೂ ಒಂದೇ. 74ನೆಯ ಕೀರ್ತನೆಯಲ್ಲಿಯೂ ಅದಕ್ಕೆ ಹಲವು ತಲೆಗಳು. ಹೀಗೆ ಕವಿಗೆ ಈ ಪ್ರಾಣಿ ದೊರೆತದ್ದು ಕಾಡಿನಿಂದಲ್ಲ, ತನ್ನ ಪ್ರದೇಶದ ಪುರಾಣಪರಂಪರೆಯಿಂದ.

ಕವಿಯ ಸ್ವಂತಿಕೆ ಇರುವುದು ಆ ಪರಂಪರೆಯನ್ನು ಬಳಸಿಕೊಂಡ ರೀತಿಯಲ್ಲಿ. ನಿರಪರಾಧಿಯಾದ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡು 3ನೆಯ ಅಧ್ಯಾಯದಲ್ಲಿ ತನ್ನ ಹುಟ್ಟಿದ ದಿನವನ್ನು ಶಪಿಸುವಾಗ, ಲಿವ್ಯಾತಾನನ್ನು ಕೆರಳಿಸಬಲ್ಲವರು ಆ ದಿನಕ್ಕೆ ಶಾಪ ಹಾಕಲೆಂದು ಬಯಸುತ್ತಾನೆ. ಸೃಷ್ಟಿಯನ್ನೇ ಅಲ್ಲೋಲಕಲ್ಲೋಲಗೊಳಿಸುವ ಶಕ್ತಿಗೆ ಅವನ ಮೊರೆ. ಕೊನೆಗೆ ಬಿರುಗಾಳಿಯೊಳಗಿಂದ ಬರುವ ದೇವರ ಉತ್ತರ ಅದೇ ಹೆಸರನ್ನು ಎತ್ತಿಕೊಳ್ಳುತ್ತದೆ. ಬೆಹೇಮೋತ್ ಯೋಬನಂತೆಯೇ ಸೃಷ್ಟವಾದುದು. ಲಿವ್ಯಾತಾನ್ ಮನುಷ್ಯನ ಗಾಳಕ್ಕೆ ಸಿಲುಕದುದು. ಪುರಾಣದಲ್ಲಿ ದೇವತೆಯ ಶತ್ರುವಾಗಿದ್ದುದು ಇಲ್ಲಿ ದೇವರು ಮೆಚ್ಚಿ ವರ್ಣಿಸುವ ಪ್ರಾಣಿಯಾಗುತ್ತದೆ. ಜಗತ್ತು ಮನುಷ್ಯನ ಅಳತೆಗೆ ಮಾತ್ರ ನಿರ್ಮಿತವಾದುದಲ್ಲವೆಂಬ ಈ ಉತ್ತರದಿಂದ ಯೋಬನ ದುಃಖಕ್ಕೆ ಕಾರಣ ತಿಳಿಯುವುದಿಲ್ಲ. ಅದನ್ನು ನೋಡುವ ದೃಷ್ಟಿ ಬದಲಾಗುತ್ತದೆ.

ಡೈನೋಸಾರ್ ವಾದದಲ್ಲಿ ನಷ್ಟವಾಗುವುದು ಇದೇ. ಆ ವಾದವನ್ನು ಒಪ್ಪಿದರೆ 3ನೆಯ ಅಧ್ಯಾಯದ ಶಾಪಕ್ಕೂ 41ನೆಯ ಅಧ್ಯಾಯದ ಉತ್ತರಕ್ಕೂ ಇರುವ ಸಂಬಂಧ ಕಡಿದುಹೋಗುತ್ತದೆ. ಸಂಕಟದಲ್ಲಿ ಬೆಂದವನಿಗೆ ಸಿಕ್ಕ ಮಹೋತ್ತರ ಪ್ರಾಣಿಶಾಸ್ತ್ರದ ಟಿಪ್ಪಣಿಯಾಗಿ ಉಳಿಯುತ್ತದೆ. ಇದರಿಂದ ವಿಜ್ಞಾನಕ್ಕೆ ಹೊಸ ಪ್ರಮಾಣವೊಂದೂ ದೊರೆಯುವುದಿಲ್ಲ. ಧರ್ಮಗ್ರಂಥಕ್ಕೆ ಗೌರವವೂ ಹೆಚ್ಚುವುದಿಲ್ಲ. ಒಂದು ಶಬ್ದ ಯಾವ ಪ್ರಾಣಿಯನ್ನು ಸೂಚಿಸುತ್ತದೆಂದು ಕೇಳುವ ಮೊದಲು ಅದು ಆ ಕೃತಿಯಲ್ಲಿ ಯಾವ ಕಾರ್ಯವನ್ನು ಸಾಧಿಸುತ್ತದೆಂದು ಕೇಳುವುದು ಅರ್ಥನಿರ್ಣಯದ ಮೊದಲ ನಿಯಮ. ಈ ನಿಯಮ ಯೋಬನ ಗ್ರಂಥಕ್ಕೆ ಎಷ್ಟೋ, ನಮ್ಮ ತರಗತಿಗಳಲ್ಲಿ ಓದುವ ಪುರಾಣಗಳಿಗೂ ಅಷ್ಟೇ ಸಲ್ಲುತ್ತದೆ.