ಬೇರೆ ನದಿಗೆ ಕಟ್ಟಿದ ಗಂಟು

ಥಿಯೊಡೋರ್ ರೂಸ್‌ವೆಲ್ಟ್ 1914ರಲ್ಲಿ ಪ್ರಕಟಿಸಿದ ‘ಥ್ರೂ ದಿ ಬ್ರೆಜಿಲಿಯನ್ ವೈಲ್ಡರ್‌ನೆಸ್’ ಪುಸ್ತಕದ ಕೊನೆಯಲ್ಲಿ ಒಂದು ಅನುಬಂಧವಿದೆ. ದಕ್ಷಿಣ ಅಮೆರಿಕದ ಕಾಡಿಗೆ ಹೊರಡುವವರು ಏನೇನು ಒಯ್ಯಬೇಕು ಎಂಬುದು ಅದರ ವಿಷಯ. ಡೇರೆ, ಬಂದೂಕು, ಸೊಳ್ಳೆಪರದೆ, ಊಟದ ಡಬ್ಬಿ ಎಲ್ಲದರ ಬಗ್ಗೆಯೂ ಅಲ್ಲಿ ಸಲಹೆ ಸಿಗುತ್ತದೆ. ಆಹಾರವನ್ನು ಔನ್ಸ್ ಲೆಕ್ಕದಲ್ಲಿ ತೂಗಿ ಬರೆದ ಕೋಷ್ಟಕವೂ ಉಂಟು. ದೋಣಿ ಹಾಕಿಕೊಂಡು ಹಲವು ದಿನ ನದಿಯ ಮೇಲೆ ಕಳೆಯುವ ಉಮೇದಿನವರು ಇಂಥ ಪಟ್ಟಿಗಳನ್ನು ಇವತ್ತಿಗೂ ಆಸೆಯಿಂದ ಓದುತ್ತಾರೆ, ನಕಲು ಮಾಡಿಕೊಳ್ಳುತ್ತಾರೆ. ಆದರೆ ಪ್ರಯಾಣದ ಸಿದ್ಧತೆಯ ಬಗ್ಗೆ ಈ ಅನುಬಂಧ ಹೇಳುವುದಕ್ಕಿಂತ ಹೆಚ್ಚಿನದನ್ನು ಅದರ ಹಿಂದಿನ ಅಧ್ಯಾಯಗಳು ಹೇಳುತ್ತವೆ. ಬಹಳ ಕಡೆ ಇವೆರಡಕ್ಕೂ ತಾಳೆಯೇ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕದ ಬೆಲೆ ಇರುವುದು ಆ ಬಿರುಕಿನಲ್ಲಿ.

1912ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೊರಟಾಗ ಆತನ ಮನಸ್ಸಿನಲ್ಲಿದ್ದದ್ದು ಸಲೀಸಾದ ಪ್ರಯಾಣ. ಪರಾಗ್ವೆ ನದಿಯಲ್ಲಿ ಮೇಲೆ ಹೋಗಿ, ಅಮೆಜಾನ್ ಕೊಳ್ಳಕ್ಕೆ ದಾಟಿ, ಜನರಿಗೆ ಗೊತ್ತಿರುವ ಹೊಳೆಗಳಲ್ಲೇ ಸಾಗುವುದು ಯೋಜನೆ. ಅದಕ್ಕೆ ಒತ್ತಾಸೆಯಾಗಿದ್ದವರು ಜಾನ್ ಜಾಮ್ ಎಂಬ ಪಾದ್ರಿ. ಸಾಮಾನು ಸರಂಜಾಮಿನ ಹೊಣೆ ಬಿದ್ದದ್ದು ಆಂಟನಿ ಫಿಯಾಲಾ ಮೇಲೆ. ಫಿಯಾಲಾ ಉತ್ತರ ಧ್ರುವದ ಕಡೆಗೆ ಹೋಗಿ ಬಂದಿದ್ದ ಮನುಷ್ಯ. ಅಮೆಜಾನಿನ ಸೆಕೆ, ಮಳೆ, ಸೆಳವುಗಳು ಆತನಿಗೆ ಹೊಸವು. 1913ರ ಅಕ್ಟೋಬರಿನಲ್ಲಿ ರಿಯೊ ಡಿ ಜನೈರೊ ತಲುಪಿದಾಗ ಬ್ರೆಜಿಲ್‌ನ ವಿದೇಶಾಂಗ ಸಚಿವ ಲಾರೊ ಮುಲ್ಲರ್ ಬೇರೊಂದು ಸಲಹೆ ಮುಂದಿಟ್ಟರು. ಕರ್ನಲ್ ಕಾಂಡಿಡೊ ರೊಂಡನ್ 1909ರಲ್ಲಿ ಕಂಡುಹಿಡಿದ ಒಂದು ನದಿಮೂಲವಿತ್ತು. ಅದು ಎಲ್ಲಿಗೆ ಹರಿಯುತ್ತದೆಂದು ಯಾರಿಗೂ ತಿಳಿಯದ್ದರಿಂದ ಅದಕ್ಕೆ ಅನುಮಾನದ ನದಿ ಎಂದೇ ಹೆಸರು. ಅದರಲ್ಲಿ ಇಳಿದು ನೋಡಬಹುದಲ್ಲ ಎಂದರು. ರೂಸ್‌ವೆಲ್ಟ್ ಒಪ್ಪಿಬಿಟ್ಟರು. ಅಲ್ಲಿಗೆ ದಾರಿ ಬದಲಾಯಿತು, ಗಂಟು ಮಾತ್ರ ಹಳೆಯದೇ ಉಳಿಯಿತು.

ಫಿಯಾಲಾನ ಕೆಲಸವನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಆತ ಕಟ್ಟಿಸಿದ ಊಟದ ಡಬ್ಬಿಯನ್ನೇ ನೋಡಿ. ಅರಗು ಬಳಿದ ತಗಡಿನ ಪೆಟ್ಟಿಗೆ, ಒಂದೊಂದರಲ್ಲೂ ಐದು ಜನರ ಒಂದು ದಿನದ ಊಟ. ಅಕ್ಕಿ, ಓಟ್ಸ್, ಒಣಗಿಸಿದ ಆಲೂಗಡ್ಡೆ, ಈರುಳ್ಳಿ, ಬೇಕನ್, ಗಟ್ಟಿಹಾಲು, ಸಕ್ಕರೆ, ಕಾಫಿ, ಟೀ, ಉಪ್ಪು, ಚಾಕೊಲೇಟು. ಜೊತೆಗೆ ಬೆಂಕಿಪೊಟ್ಟಣ, ಸೋಪು, ತುಂಡು ಮಸ್ಲಿನ್ ಬಟ್ಟೆ. ತೂಕ ಸುಮಾರು 12 ಕಿಲೋ. ದೋಣಿ ಮಗುಚಿದರೂ ಡಬ್ಬಿ ಮುಳುಗದೆ ತೇಲಬೇಕೆಂದು ಲೆಕ್ಕ ಹಾಕಿ ಮಾಡಿದ್ದು. ದಿನಕ್ಕೊಂದು ಡಬ್ಬಿ ತೆಗೆದರೆ ಸಾಕು, ಅಳೆಯುವ ಸುರಿಯುವ ರಗಳೆಯಿಲ್ಲ. ಒಂದು ಕಳೆದುಹೋದರೆ ಹೋದದ್ದು ಒಂದೇ ದಿನದ ಅನ್ನ. ನೂರು ವರ್ಷದ ಮೇಲೂ ಜಾಣ ದೋಣಿಗಾರರು ಬುತ್ತಿಯನ್ನು ದಿನವಾರು ಕಟ್ಟಿ ನೀರು ಹೊಗದ ಚೀಲಕ್ಕೋ ಪೀಪಾಯಿಗೋ ತುಂಬುವುದು ಇದೇ ತರ್ಕದಿಂದ. ವಸ್ತುವಾಗಿ ಆ ಡಬ್ಬಿಯಲ್ಲಿ ದೊಡ್ಡ ಕುಂದು ತೋರಿಸುವುದು ಕಷ್ಟ.

ಕುಂದು ಇದ್ದದ್ದು ಬೇರೆ ಕಡೆ. ನದಿಯ ಮೂಲ ತಲುಪುವ ಮೊದಲೇ ಒಣ ಪ್ರಸ್ಥಭೂಮಿಯ ಮೇಲೆ ವಾರಗಟ್ಟಲೆ ಸಾಮಾನು ಹೊರಬೇಕಿತ್ತು. ಹೇರಿದ ಭಾರಕ್ಕೆ ಎತ್ತು, ಹೇಸರಗತ್ತೆಗಳು ದಾರಿಯಲ್ಲೇ ಕುಸಿದವು. ಬಿಚ್ಚಿ ನೋಡಿದರೆ ಪೆಟ್ಟಿಗೆಗಳಲ್ಲಿ ಆಲಿವ್ ಎಣ್ಣೆ, ಸಾಸಿವೆಯಂಥ ಶೋಕಿ ಸಾಮಾನು ಕಂಡು ತಂಡದವರೇ ಬೆಪ್ಪಾದರೆಂದು ಕ್ಯಾಂಡಿಸ್ ಮಿಲರ್ಡ್ ತಮ್ಮ ‘ದಿ ರಿವರ್ ಆಫ್ ಡೌಟ್’ (2005) ಪುಸ್ತಕದಲ್ಲಿ ಬರೆಯುತ್ತಾರೆ. ಎಲ್ಲಕ್ಕಿಂತ ದುಬಾರಿಯಾದದ್ದು ದೋಣಿಯ ವಿಷಯ. ಕೆನಡಾ ಮಾದರಿಯ ಹಗುರ ಕ್ಯಾನ್ವಾಸ್ ದೋಣಿಗಳನ್ನು ಅಷ್ಟು ದೂರದಿಂದ ತಂದಿದ್ದರು. ಹೊರುವ ಪ್ರಾಣಿ ಸಾಲದೆ ಅವನ್ನೇ ಕೈಬಿಟ್ಟರು. ಹೊತ್ತು ಸಾಗಿಸಲು ಹಗುರವಾದದ್ದು ಹಿಂದೆ ಉಳಿಯಿತು, ಹೊರಲಾಗದ ಭಾರದ ಮರದ ದೋಣಿ ಪಾಲಿಗೆ ಬಂತು.

1914ರ ಫೆಬ್ರವರಿ 27ರಂದು ನದಿಗೆ ಇಳಿದ ತಂಡದ ವರ್ಣನೆಯನ್ನು ರೂಸ್‌ವೆಲ್ಟ್ ಮುಚ್ಚುಮರೆಯಿಲ್ಲದೆ ಕೊಡುತ್ತಾರೆ. ಇಪ್ಪತ್ತೆರಡು ಜನ, ಇಡೀ ಮರ ತೋಡಿ ಮಾಡಿದ ಏಳು ದೋಣಿ. ಒಂದು ತೀರ ಸಣ್ಣದು. ಒಂದು ಕೂತರೆ ವಾಲುವಂಥದು. ಎರಡು ಹಳೆಯವು, ನೀರು ಕುಡಿದು ಸೋರುವಂಥವು. ಚೆನ್ನಾಗಿದ್ದದ್ದು ಮೂರೇ. ಸೋರುವ ಎರಡನ್ನು ಒಂದಕ್ಕೊಂದು ಬಿಗಿದು, ವಾಲುವುದನ್ನು ಇನ್ನೊಂದಕ್ಕೆ ಕಟ್ಟಿ ಹೊರಟರು. ಇದೇ ಪುಸ್ತಕದ ಅನುಬಂಧ ಶುರುವಾಗುವುದು, ದಕ್ಷಿಣ ಅಮೆರಿಕದ ನೆಲ ಎಷ್ಟೊಂದು ಬಗೆಯದೆಂದರೆ ಎಲ್ಲಕ್ಕೂ ಒಪ್ಪುವ ಒಂದೇ ಸಜ್ಜು ಹೇಳಲಾಗದು ಎಂಬ ಮಾತಿನಿಂದ. ಲೇಖಕರಿಗೆ ಸತ್ಯ ಗೊತ್ತಿತ್ತು. ಆದರೆ ಆ ಮಾತನ್ನು ತಮ್ಮದೇ ಪ್ರಯಾಣದ ಮೇಲೆ ಹಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ.

ನದಿ ಲೆಕ್ಕ ಕೇಳಿದ್ದು ಮಾರ್ಚ್ ತಿಂಗಳಲ್ಲಿ. ಒಂದು ರಾತ್ರಿ ನೀರು ಏರಿ, ಬಿಗಿದು ಕಟ್ಟಿದ್ದ ಆ ಎರಡು ಹಳೆಯ ದೋಣಿಗಳು ಕಿತ್ತುಕೊಂಡು ಹೋಗಿ ಬಂಡೆಗೆ ಬಡಿದು ಚೂರಾದವು. ಮರ ಕಡಿದು ಹೊಸ ದೋಣಿ ತೋಡಲು ದಿನಗಳು ಹಿಡಿದವು. ಆ ದಿನಗಳಲ್ಲಿ ಊಟ ಕರಗುತ್ತಲೇ ಇತ್ತು. ಮಾರ್ಚ್ 15ರಂದು ರೂಸ್‌ವೆಲ್ಟರ ಮಗ ಕರ್ಮಿಟ್‌ನ ದೋಣಿ ಸೆಳವಿಗೆ ಸಿಕ್ಕಿ ಸಿಂಪ್ಲಿಸಿಯೊ ಎಂಬ ಹುಟ್ಟುಗಾರ ಮುಳುಗಿ ಸತ್ತ. ಮರುದಿನವೇ ಹೊಸ ದೋಣಿಯೂ ಕೈತಪ್ಪಿತು. ಅದರೊಂದಿಗೆ ಹಗ್ಗಗಳೂ ರಾಟೆಗಳೂ ಹೋದವು. ಓದುವಾಗ ಇದು ಸಣ್ಣ ಸಂಗತಿಯಂತೆ ದಾಟಿಹೋಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಸಿದ್ಧತೆಯ ಮೇಲಿನ ಅತಿ ಕಟುವಾದ ಟೀಕೆ ಇದೇ. ಊಟವನ್ನು ಡಬ್ಬಿ ಡಬ್ಬಿಯಾಗಿ ಹಂಚಿ, ತೇಲುವಂತೆ ಮಾಡಿ ಕಾಪಾಡಿದವರು ಹಗ್ಗ, ರಾಟೆಯನ್ನು ಒಂದೇ ದೋಣಿಗೆ ನಂಬಿ ಬಿಟ್ಟಿದ್ದರು. ರಾಟೆಯಿಲ್ಲದ ಮೇಲೆ ಭಾರದ ದೋಣಿಗಳನ್ನು ಸಣ್ಣ ದಿಣ್ಣೆಯ ಮೇಲೂ ಎಳೆಯಲಾಗದು. ಹಸಿವನ್ನು ಎರಡು ದಿನ ತಡೆದುಕೊಳ್ಳಬಹುದು, ಎಳೆಯಲಾಗದ ದೋಣಿಯನ್ನು ಏನು ಮಾಡುವುದು?

ಊಟದ ಲೆಕ್ಕವೂ ಸರಿಯಿರಲಿಲ್ಲ. ಹೊರಡುವಾಗ ಸುಮಾರು ಐವತ್ತು ದಿನಕ್ಕೆ ಆಹಾರವಿತ್ತು, ಅದೂ ಪೂರ್ತಿ ಪ್ರಮಾಣದಲ್ಲಲ್ಲ. ಉಳಿದದ್ದನ್ನು ಮೀನು, ಬೇಟೆ, ಕಾಡಿನ ಬೀಜ, ತಾಳೆಜಾತಿಯ ಮರದ ಸುಳಿ ತುಂಬಿಕೊಡುತ್ತವೆ ಎಂಬ ಭರವಸೆ. ತುಂಬಿದ ಹೊಳೆ ಮೀನು ಕೊಡಲಿಲ್ಲ, ಕಾಡು ಬೇಟೆ ಕೊಡಲಿಲ್ಲ. ಐದು ಜನರ ಒಂದು ದಿನದ ಡಬ್ಬಿಯನ್ನು ಆರು ಜನ ಅಧಿಕಾರಿಗಳು ಒಂದೂವರೆ ದಿನಕ್ಕೆ ಎಳೆಯತೊಡಗಿದರು. ಅದರಲ್ಲೇ ಹುಟ್ಟುಗಾರರಿಗೂ ಒಂದಿಷ್ಟು ಕೊಟ್ಟರು. ಇಲ್ಲೊಂದು ಪ್ರಶ್ನೆಯನ್ನು ಪುಸ್ತಕ ಎತ್ತುವುದೇ ಇಲ್ಲ: ದೋಣಿ ತೋಡಿ, ಹೊತ್ತು, ಬರಿಗಾಲಲ್ಲಿ ನೀರಿಗಿಳಿದು ಎಳೆದ ಹದಿನಾರು ಕೂಲಿಯಾಳುಗಳ ಹಸಿವಿಗೆ ಫಿಯಾಲಾನ ಊಟದ ಕೋಷ್ಟಕದಲ್ಲಿ ಕಲಂ ಎಲ್ಲಿತ್ತು? ಏಪ್ರಿಲ್ ಮೊದಲ ವಾರ ಜೂಲಿಯೊ ಎಂಬಾತ ಊಟ ಕದ್ದು ಸಿಕ್ಕಿಬಿದ್ದ. ಗದರಿಸಿದ ಪೈಶಾನ್ ಎಂಬವನನ್ನು ಗುಂಡಿಟ್ಟು ಕೊಂದು ಕಾಡು ಸೇರಿದ. ರೂಸ್‌ವೆಲ್ಟ್ ಅದನ್ನು ಒಬ್ಬನ ಕೆಟ್ಟ ಗುಣದ ಕಥೆಯಾಗಿ ಬರೆಯುತ್ತಾರೆ. ಗುಣ ಕೆಟ್ಟದ್ದೇ ಇರಬಹುದು. ಆದರೆ ಸಿಗುವುದೋ ಇಲ್ಲವೋ ಎಂಬ ಮೀನನ್ನು ಸಿಕ್ಕೇ ಸಿಗುವ ಅನ್ನವೆಂದು ಬರೆದುಕೊಂಡ ಲೆಕ್ಕಕ್ಕೂ ಅದರಲ್ಲಿ ಪಾಲಿದೆ.

ಹಾಗೆಂದು ಪುಸ್ತಕ ತಳ್ಳಿಹಾಕುವಂಥದ್ದಲ್ಲ. ಮಾರ್ಚ್ 28ರ ಸುಮಾರಿನ ಪುಟಗಳು ಪ್ರಯಾಣ ಸಾಹಿತ್ಯದಲ್ಲೇ ಅಪರೂಪದವು. ಎದುರಿಗೆ ಕೊರಕಲು, ದೋಣಿಗಳನ್ನು ಇಳಿಸಲಾಗದೆಂದು ತಂಡದ ಜೊತೆಗೇ ಬಂದಿದ್ದ ರೊಂಡನ್ ನಿರಾಶರಾಗಿದ್ದಾರೆ. ಸೇತುವೆ ಕಟ್ಟುವ ಕೆಲಸದಲ್ಲಿ ಪಳಗಿದ ಕರ್ಮಿಟ್, ಅಳಿದುಳಿದ ಹಗ್ಗದಿಂದಲೇ ಇಳಿಸಬಹುದೆಂದು ಹಟ ಹಿಡಿಯುತ್ತಾನೆ. ಅದಕ್ಕಾಗಿ ಎಲ್ಲರೂ ಗಂಟು ಬಿಚ್ಚಿ ಕಡಿಮೆ ಮಾಡಬೇಕು. ಮಾಜಿ ಅಧ್ಯಕ್ಷರ ಬಳಿ ಉಳಿದದ್ದು ಇಷ್ಟು: ಮೈಮೇಲಿನ ಬಟ್ಟೆ, ಒಂದು ಪೈಜಾಮ, ಒಂದು ಬದಲಿ ಒಳಚಡ್ಡಿ, ಕಾಲುಚೀಲ, ಕರವಸ್ತ್ರ, ಸಣ್ಣ ಔಷಧಿ ಪೆಟ್ಟಿಗೆ, ಬದಲಿ ಕನ್ನಡಕ, ನೊಣ ಓಡಿಸುವ ಎಣ್ಣೆಯ ಸೀಸೆ, ಸೊಳ್ಳೆಪರದೆ, ಮಂಚ, ಕಂಬಳಿ, ಕಾಡತೂಸು. ಜೊತೆಗೆ ಹಣದ ಚೀಲ ಮತ್ತು ಮನೌಸ್ ಊರು ತಲುಪಿದರೆ ಬೇಕಾಗುವ ಬ್ಯಾಂಕಿನ ಪತ್ತಿನ ಪತ್ರ. ತಂಡದ ವೈದ್ಯರ ಒಳಅಂಗಿಯನ್ನು ಇರುವೆ ತಿಂದುಹಾಕಿದ ಕಾಡಿನಲ್ಲಿ ಆ ಪತ್ತಿನ ಪತ್ರ ನಗು ತರಿಸುತ್ತದೆ. ಆದರೂ ಅದನ್ನು ಎಸೆಯದಿದ್ದದ್ದು ಸರಿ. ಊರು ಮುಟ್ಟುವ ದಿನಕ್ಕೂ ಗಂಟಿನಲ್ಲಿ ಒಂದು ಜಾಗ ಇರಲೇಬೇಕು. ಹೊರಡುವಾಗ ಗಿಬ್ಬನ್ನನ ಎರಡು ಸಂಪುಟ, ಸೋಫೊಕ್ಲಿಸನ ನಾಟಕಗಳು, ಮಾರ್ಕಸ್ ಔರೇಲಿಯಸ್ ಕೂಡ ಇದ್ದವು. ಅವನ್ನು ಶೋಕಿ ಎಂದು ಹಳಿಯಲು ನನಗೆ ಮನಸ್ಸಿಲ್ಲ. ಸಾಸಿವೆ ಡಬ್ಬಿಗಿಂತ ಅವು ಹೆಚ್ಚು ದಿನ ಬಾಳಿದವು.

ಹಗುರ ಗಂಟಿನ ಶಾಸ್ತ್ರ ಆ ಕಾಲಕ್ಕೆ ಹೊಸದೇನಲ್ಲ. ‘ನೆಸ್‌ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲೇ ‘ವುಡ್‌ಕ್ರಾಫ್ಟ್’ ಪ್ರಕಟಿಸಿದ್ದರು. ಆತನ ‘ಸೇರಿ ಗ್ಯಾಂಪ್’ ದೋಣಿ ಒಂಬತ್ತು ಅಡಿ ಉದ್ದ, ತೂಕ ಐದು ಕಿಲೋಗೂ ಕಡಿಮೆ. ದೋಣಿ, ಹೊದಿಕೆ, ಎರಡು ದಿನದ ಬುತ್ತಿ ಎಲ್ಲ ಸೇರಿ ಹೊರೆ 12 ಕಿಲೋ ದಾಟುತ್ತಿರಲಿಲ್ಲವೆಂದು ಆತನ ಹೆಮ್ಮೆ. ಫಿಯಾಲಾನ ಒಂದು ಡಬ್ಬಿಯೇ ಅಷ್ಟು ತೂಗುತ್ತಿತ್ತು. ಆದರೆ ನೆಸ್‌ಮಕ್ ಸಣ್ಣ ಮೈಕಟ್ಟಿನ ಒಂಟಿ ಪ್ರಯಾಣಿಕ. ಆತ ಅಲೆದ ಅಡಿರಾಂಡಾಕ್ ಸರೋವರಗಳ ದಂಡೆಯಲ್ಲಿ ಊಟ ಹಾಕುವ ಮನೆ, ಹೋಟೆಲುಗಳಿದ್ದವು. ಆತನ ಪಟ್ಟಿ ಹಿಡಿದು ಅನುಮಾನದ ನದಿಗೆ ಇಳಿದಿದ್ದರೆ ತಂಡ ಮೊದಲ ವಾರವೇ ಉಪವಾಸ ಬೀಳುತ್ತಿತ್ತು. ಭಾರ ಹೊತ್ತವನಷ್ಟೇ ಸುಲಭವಾಗಿ ಹಗುರಾದವನೂ ತಪ್ಪಬಲ್ಲ.

ಏಪ್ರಿಲ್ 26ರಂದು ತಂಡ ದಡ ಸೇರುವ ಹೊತ್ತಿಗೆ ಮೂವರು ಇರಲಿಲ್ಲ; ರೂಸ್‌ವೆಲ್ಟ್ ಕಾಲಿನ ಗಾಯ, ಜ್ವರದಿಂದ ಏಳಲಾರದ ಸ್ಥಿತಿಯಲ್ಲಿದ್ದರು. ಇಷ್ಟಾದ ಮೇಲೆ ಬರೆದ ಅನುಬಂಧದಲ್ಲಿ ಫಿಯಾಲಾನ ಸಲಹೆಗಳಿಗೆ ಗೌರವದ ಜಾಗವಿದೆ, ಯಾರ ಮೇಲೂ ದೂರಿಲ್ಲ. ಅದು ದೊಡ್ಡತನ, ಸಂಶಯವಿಲ್ಲ. ಓದುಗನಿಗೆ ಮಾತ್ರ ಅದರಿಂದ ನಷ್ಟ. ಏನನ್ನು ಒಯ್ಯಬೇಕೆಂದು ಹೇಳಿದ ಲೇಖಕ, ಏನನ್ನು ಒಯ್ದು ಕೆಟ್ಟೆವು, ಯಾವುದನ್ನು ಹಿಂದೆ ಬಿಟ್ಟು ಕೆಟ್ಟೆವು ಎಂಬ ಎರಡನೇ ಪಟ್ಟಿಯನ್ನು ಬರೆಯಲಿಲ್ಲ. ಅದನ್ನು ಅಧ್ಯಾಯಗಳಿಂದ ನಾವೇ ಹೆಕ್ಕಿಕೊಳ್ಳಬೇಕು. ಹೆಕ್ಕಿದರೆ ಯಾವ ನದಿಗಾದರೂ ಸಲ್ಲುವ ನಾಲ್ಕು ಮಾತು ಸಿಗುತ್ತವೆ. ಗಂಟು ಕಟ್ಟುವವನು ಹುಟ್ಟು ಹಾಕುವವನೂ ಆಗಿರಬೇಕು. ದಾರಿ ಬದಲಾದರೆ ಪಟ್ಟಿಯನ್ನು ಹರಿದು ಹೊಸದಾಗಿ ಬರೆಯಬೇಕು. ಒಂದು ದೋಣಿ ಮುಳುಗಿದರೆ ಪೂರ್ತಿ ಇಲ್ಲವಾಗುವಂಥ ಸಾಮಾನು ಯಾವುದೂ ಇರಕೂಡದು. ಮೀನು ಸಿಕ್ಕಿದರೆ ಲಾಭಕ್ಕೆ ಹಿಡಿಯಬೇಕೇ ಹೊರತು ದಾಸ್ತಾನಿಗಲ್ಲ. ಔನ್ಸಿನ ಕೋಷ್ಟಕವನ್ನು ಇವುಗಳ ನಂತರ ಓದಿದರೆ ಸಾಕು.